ನೋಡದೆ ಉಳಿದ ಸ್ಲೈಡು

ಸುಸ್ತಾಗಿದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಹಾಸನದ ಈ ರಕ್ತಪರೀಕ್ಷೆಯ ಲ್ಯಾಬಿಗೆ ನಾನು ಸೇರಿ ಇಪ್ಪತ್ತು ವರ್ಷ ದಾಟಿತು. ಮೊದಲು ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕತ್ತು ಬಿದ್ದುಹೋಗುತ್ತಿತ್ತು, ಆಗ ಪಾಪ ಎನ್ನುವವರಾದರೂ ಇದ್ದರು. ಯಂತ್ರ ಬಂದ ಮೇಲೆ ಆ ಪಾಪವೂ ನಿಂತುಹೋಯಿತು. "ಕೂತ್ಕೊಂಡು ಬಟನ್ ಒತ್ತೋದಕ್ಕೂ ಸುಸ್ತಾ?" ಎಂದು ಮನೆಯಲ್ಲಿ ಕೇಳುತ್ತಾರೆ. ಜಗಳ ಆಡುವಷ್ಟು ತ್ರಾಣವಿಲ್ಲದೆ ಅನ್ನಕ್ಕಿಟ್ಟು ಸುಮ್ಮನಾಗುತ್ತೇನೆ.

ಕೆಲಸ ಕಲಿತದ್ದು ಅರಕಲಗೂಡಿನಲ್ಲಿ, ವಯಸ್ಸಾದ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಅದನ್ನು ಉಗುರಿಗೆ ಬಣ್ಣ ಹಚ್ಚುವ ಹಾಗೆ ಒಂದೇ ಸಲಕ್ಕೆ ತೆಳ್ಳಗೆ ಎಳೆಯಬೇಕು. ಅದನ್ನೇ ಸ್ಲೈಡು ಎನ್ನುವುದು. ಒಣಗಿದ ಮೇಲೆ ನೇರಳೆ ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದಲ್ಲಿ ನೂರು ಬಿಳಿ ರಕ್ತಕಣ ಎಣಿಸಬೇಕು. ಪಕ್ಕದಲ್ಲಿ ಎಣಿಕೆಯ ಪುಟ್ಟ ಪೆಟ್ಟಿಗೆ, ಒಂದೊಂದು ಜಾತಿಯ ಕಣಕ್ಕೆ ಅದರಲ್ಲಿ ಒಂದೊಂದು ಗುಂಡಿ, ಟಕ್ ಟಕ್ ಎಂದು ಒತ್ತುತ್ತಾ ಹೋಗುವುದು. ನಾನು ಆತುರಪಟ್ಟರೆ ಡಾಕ್ಟರಿಗೆ ಸಿಟ್ಟು ಬರುತ್ತಿತ್ತು. "ಎಣ್ಸೋದು ಆಮೇಲೆ ಕಣಮ್ಮಾ. ಮೊದ್ಲು ಸುಮ್ನೆ ನೋಡು. ಊರೊಳಕ್ಕೆ ಹೊಸಬ್ರು ಯಾರಾದ್ರೂ ಬಂದವ್ರಾ ಅಂತ ನೋಡು" ಎನ್ನುತ್ತಿದ್ದರು. ವರ್ಷ ಕಳೆಯುವುದರಲ್ಲಿ ನನಗೂ ಆ ಕಣ್ಣು ಬಂತು. ನೂರಾರು ಪರಿಚಿತ ಕಣಗಳ ನಡುವೆ ಬರಬಾರದ್ದು ಬಂದು ಕೂತಿದ್ದರೆ ತಾನಾಗಿ ಎದ್ದು ಕಾಣುತ್ತಿತ್ತು. ನನ್ನ ಬದುಕಿನಲ್ಲಿ ನಾನು ಜಂಬಪಟ್ಟುಕೊಂಡಿದ್ದು ಅದೊಂದಕ್ಕೇ.

ಈಗಿನ ಯಂತ್ರವನ್ನು ಬೈಯುವುದಕ್ಕೆ ಮನಸ್ಸಾಗುವುದಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ರಕ್ತ ತೆಗೆಯುವ ನಮ್ಮ ಕೇಂದ್ರಗಳಿಂದ ಐಸ್ ಡಬ್ಬದಲ್ಲಿ ರಕ್ತದ ಟ್ಯೂಬುಗಳು ಬಸ್ಸಿನಲ್ಲಿ ಬರುತ್ತವೆ. ಪ್ರತಿ ಟ್ಯೂಬಿನ ಮೇಲೂ ಬಾರ್‌ಕೋಡ್. ಒಳಗಿಟ್ಟರೆ ಯಂತ್ರ ಒಂದೇ ನಿಮಿಷದಲ್ಲಿ ಸಾವಿರಾರು ಕಣಗಳನ್ನು ಬೆಳಕಿನ ಕಿರಣದ ಮುಂದೆ ಸಾಲಾಗಿ ಹಾಯಿಸಿ, ಅಳೆದು, ಜಾತಿ ಬೇರೆ ಮಾಡಿ, ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ. ತನಗೆ ಸಂಶಯ ಬಂದರೆ ಆ ರೋಗಿಯ ಸಾಲನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಇದು ನನ್ನಿಂದಾಗಲಿಲ್ಲ, ಮನುಷ್ಯರು ಯಾರಾದರೂ ಕಣ್ಣಿಂದ ನೋಡಿ ಎಂದು ಅದರ ಅರ್ಥ. ನಾವು ಸ್ಲೈಡು ಮಾಡಿ, ನೋಡಿ, ಆಮೇಲೆ ಓಕೆ ಒತ್ತಬೇಕು. ಒತ್ತಿದ ಕೂಡಲೇ ರಿಪೋರ್ಟು ರೋಗಿಯ ಫೋನಿಗೆ ಹೋಗುತ್ತದೆ.

ಕಷ್ಟವೇನೆಂದರೆ ಅದಕ್ಕೆ ಸಂಶಯ ಜಾಸ್ತಿ. ಬಸ್ಸಿನಲ್ಲಿ ಟ್ಯೂಬು ಕುಲುಕಾಡಿದರೂ ಕಿತ್ತಳೆ, ಬಿಸಿಲಿಗೆ ಐಸು ಕರಗಿದರೂ ಕಿತ್ತಳೆ, ಏನೂ ಇಲ್ಲದಿದ್ದರೂ ಕಿತ್ತಳೆ. ಬೆಳಗಿನಿಂದ ಸಂಜೆತನಕ ಗೊಣಗುವ ಅತ್ತೆಯ ಮಾತಿಗೆ ಮನೆಯವರು ಹೂಂಗುಟ್ಟುವ ಹಾಗೆ ನಾವೂ ಓಕೆ, ಓಕೆ ಎಂದು ಹೂಂಗುಟ್ಟತೊಡಗಿದೆವು. ರಿಪೋರ್ಟು ಇನ್ನೂ ಬಂದಿಲ್ಲ ಎಂದು ಫೋನ್ ಮೇಲೆ ಫೋನ್. ಮೊದಲು ಓಕೆ ಒತ್ತಿಬಿಡುವುದು, ಸ್ಲೈಡನ್ನು ಮಧ್ಯಾಹ್ನದ ಮೇಲೆ ಬಿಡುವಾಗಿ ನೋಡುವುದು ಎಂದು ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಬಿಡುವು ಆಗುತ್ತಿರಲಿಲ್ಲ. ಬಣ್ಣ ಹಾಕಿದ ಸ್ಲೈಡುಗಳು ಸ್ವೀಟಿನ ಖಾಲಿ ಡಬ್ಬಗಳಲ್ಲಿ, ಮೇಲೊಂದು ತಾರೀಕು ಬರೆಸಿಕೊಂಡು, ಅಲಮಾರಿಯಲ್ಲಿ ಸೇರಿಕೊಂಡವು.

ಇನ್ನೊಂದು ತಪ್ಪೂ ಇತ್ತು. ಓಕೆ ಒತ್ತುವ ಅಧಿಕಾರ ನನ್ನೊಬ್ಬಳ ಲಾಗಿನ್ನಿಗೆ. ನಾನು ಊಟಕ್ಕೆ ಎದ್ದರೆ ಕೆಲಸ ನಿಲ್ಲುತ್ತಿತ್ತು. ಎರಡೇ ದಿನಕ್ಕೆ ಪಾಸ್‌ವರ್ಡನ್ನು ಒಂದು ಸ್ಟಿಕ್ಕರಿನ ಮೇಲೆ ಬರೆದು ಕಂಪ್ಯೂಟರಿನ ಕೆಳಗೆ ಅಂಟಿಸಿದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಮೀಟರ್ ಬೋರ್ಡಿನ ಮೇಲಿಟ್ಟು ಹೋಗುವ ಜನ ನಾವು, ಇದೂ ಹಾಗೇ ಅಂದುಕೊಂಡೆ. ಅದಕ್ಕೆ ಅಕ್ಕನ ಲಾಗಿನ್ ಎಂದೇ ಹೆಸರಾಯಿತು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಜೊತೆಗಾತಿಯೂ ಅದರಲ್ಲೇ ಓಕೆ ಒತ್ತುತ್ತಿದ್ದಳು. ನಾಲ್ಕು ಗಂಟೆಗೆ ಎದ್ದು ಎರಡು ಊಟದ ಡಬ್ಬಿ ಕಟ್ಟಿ ಬರುವ ಹೆಂಗಸು, ನನಗಿಂತ ಹೆಚ್ಚೇ ದಣಿದಿರುತ್ತಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ ಬಾಗೂರು ಕಡೆಯ ರೈತರೊಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಮುಖದಲ್ಲಿ ನಿದ್ದೆಯಿಲ್ಲ. ಅವರ ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಎರಡು ತಿಂಗಳ ಹಿಂದೆ ಚನ್ನರಾಯಪಟ್ಟಣದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಿದ್ದರಂತೆ. ನಮ್ಮ ರಿಪೋರ್ಟಿನಲ್ಲಿ ರಕ್ತ ಕಡಿಮೆ ಎಂದಷ್ಟೇ ಬಂದಿತ್ತು, ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. ಹದಿನೈದು ದಿನದ ಹಿಂದೆ ಶಾಲೆಯ ಒಲೆ ಮುಂದೆ ಕುಸಿದುಬಿದ್ದರು. ಈಗ ಮೈಸೂರಿನ ಆಸ್ಪತ್ರೆಯೊಂದರಲ್ಲಿದ್ದಾರೆ, ರಕ್ತದ ಕ್ಯಾನ್ಸರ್.

"ಅಲ್ಲಿ ಡಾಕ್ಟ್ರು ಮೊದ್ಲುನ್ ರಿಪೋರ್ಟು ತನ್ನಿ ಅಂದವ್ರೆ ಕಣಕ್ಕ. ಫೋನಲ್ಲಿತ್ತು, ಅದೆಂಗೋ ಅಳಿಸೋಗದೆ. ಒಂದ್ ಪ್ರಿಂಟು ಕೊಟ್ಬುಡಿ" ಎಂದರು.

ಹಳೆಯ ರಿಜಿಸ್ಟರ್ ಆಗಿದ್ದರೆ ಹುಡುಕಲು ಅರ್ಧ ದಿನ ಬೇಕಿತ್ತು. ಈಗ ಫೋನ್ ನಂಬರ್ ಒತ್ತಿದೆ, ಕಣ್ಣು ಮಿಟುಕಿಸುವುದರಲ್ಲಿ ಎದುರಿಗೆ ಬಂತು. ಸಾಲು ಕಿತ್ತಳೆಯಾಗಿತ್ತು. ಪಕ್ಕದಲ್ಲಿ ಯಂತ್ರದ ಸೂಚನೆ: ಬೆಳೆಯದ, ಅಸಹಜ ಕಣಗಳಿರಬಹುದು, ಸ್ಲೈಡು ನೋಡಿ. ಅದರ ಕೆಳಗೆ ಕಂಪ್ಯೂಟರ್ ತನ್ನಷ್ಟಕ್ಕೆ ಬರೆದಿಟ್ಟುಕೊಂಡ ಲೆಕ್ಕ. ಸಾಲು ತೆರೆದದ್ದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ನಾಲ್ಕು ಸೆಕೆಂಡಿನಲ್ಲಿ ಓಕೆ. ಒತ್ತಿದವರು, ನಾನು.

ಜೊತೆಗಾತಿ ನನ್ನ ಭುಜದ ಹಿಂದಿನಿಂದ ಅದನ್ನು ಓದಿದಳು. "ಅಕ್ಕ, ಆ ಹೊತ್ಗೆ ನೀವು ಊಟಕ್ಕೆ ಓಗಿರ್ತೀರಲ್ವಾ? ಅಂಗಾರೆ ನಾನಾ?" ಎಂದಳು.

"ಗೊತ್ತಿಲ್ಲ ಕಣೇ" ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಕೆಲವು ದಿನ ಊಟ ಒಂದಕ್ಕೆ, ಕೆಲವು ದಿನ ಎರಡಕ್ಕೆ. ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಕಂಪ್ಯೂಟರಿಗೂ ಬೆರಳು ಯಾರದೆಂದು ತಿಳಿಯದು.

ಅಲಮಾರಿ ತೆಗೆದು ಆ ವಾರದ ಡಬ್ಬ ಹುಡುಕಿದೆ. ಸ್ಲೈಡು ಇತ್ತು. ಅಚ್ಚುಕಟ್ಟಾಗಿ ಎಳೆದು, ಬಣ್ಣ ಹಾಕಿ, ಹಾಗೇ ಇಟ್ಟಿದ್ದೆವು. ಧೂಳು ಒರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹುಡುಕುವ ತೊಂದರೆಯೇ ಇರಲಿಲ್ಲ. ದೊಡ್ಡ ದೊಡ್ಡ ಕಣಗಳು, ಒಳಗೆಲ್ಲ ಬರೀ ನೇರಳೆ ತುಂಬಿಕೊಂಡು, ಕಣ್ಣಿಟ್ಟ ಕಡೆಯೆಲ್ಲ ಒಂದೊಂದು. ಆ ದಿನ ಒಂದು ಸಲ ಬಗ್ಗಿದ್ದರೆ ಕುರ್ಚಿಯಿಂದ ಏಳುವ ಮೊದಲೇ ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ನಾಚಿಕೆಯಿಂದ ಸತ್ತುಹೋದ ಹಾಗಾಯಿತು.

ಹೆದರಿಕೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಕಿತ್ತಳೆ ಬಣ್ಣ, ಸೂಚನೆ, ನಾಲ್ಕು ಸೆಕೆಂಡು, ಇವು ಯಾವುವೂ ಪ್ರಿಂಟಿನಲ್ಲಿ ಬರುವುದಿಲ್ಲ. ಕಾಗದದ ಮೇಲೆ ಬರುವುದು ಅಂಕಿಗಳು ಮಾತ್ರ. ಪ್ರಿಂಟು ಕೈಗಿಟ್ಟು ಹೋಗಿಬನ್ನಿ ಎಂದಿದ್ದರೆ ಆ ಮನುಷ್ಯ ಕೈಮುಗಿದು ಮೈಸೂರು ಬಸ್ಸು ಹತ್ತುತ್ತಿದ್ದರು. ಸ್ಲೈಡನ್ನು ಕಸದ ಡಬ್ಬಕ್ಕೆ ಹಾಕಿದ್ದರೂ ಕೇಳುವವರಿರಲಿಲ್ಲ. ಒಂದೈದು ನಿಮಿಷ ನಾನು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಅಷ್ಟು ಹೊತ್ತೂ ಅವರು ಹೊರಗಿನ ಬೆಂಚಿನ ಮೇಲೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ಹೊರಗೆ ಹೋಗಿ ಅವರ ಪಕ್ಕ ಕೂತೆ. "ಅಣ್ಣ, ಎರಡು ತಿಂಗಳ ಹಿಂದೆ ಕೊಟ್ಟ ರಕ್ತದಲ್ಲೇ ಕಾಯಿಲೆ ಇತ್ತು. ಯಂತ್ರ ನೋಡಿ ಅಂತ ಹೇಳಿತ್ತು. ನಾವು ನೋಡಲಿಲ್ಲ" ಎಂದೆ.

ಅವರು ನನ್ನ ಕಡೆ ತಿರುಗಿದರು. "ಯಾರ್ ನೋಡ್ಬೇಕಾಗಿತ್ತು?" ಎಂದು ಕೇಳಿದರು.

ಬಾಗಿಲ ಹತ್ತಿರ ಜೊತೆಗಾತಿ ನಿಂತಿದ್ದಳು. "ನಾನು" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಫೈಲಿನ ಮೇಲೆ ಕೈ ಆಡಿಸುತ್ತಾ ನೆಲ ನೋಡಿಕೊಂಡು ಮಾತಾಡಿದರು. "ಅಂಗಾರೆ ಅವ್ಳು ಏಳಿದ್ದು ದಿಟವಾ? ಸುಸ್ತು, ಆಗಕ್ಕಿಲ್ಲ, ಕಾಲ್ ಬರಕ್ಕಿಲ್ಲ ಅಂತಿದ್ಲು ಕಣಕ್ಕ. ರಿಪೋರ್ಟಲ್ಲಿ ಏನೂ ಇಲ್ವಲ್ಲ, ರಕ್ತ ಕಮ್ಮಿ ಎಲ್ಲಾ ಎಂಗುಸ್ರಿಗೂ ಇರ್ತದೆ, ನಾಟ್ಕ ಆಡ್ಬೇಡ ಅಂದ್ಬುಟ್ಟೆ ನಾನು. ನಮ್ಮವ್ವನೂ ಅಂದ್ಲು. ಅವತ್ತಿಂದ ಬಾಯೇ ಬುಡ್ಲಿಲ್ಲ ಅವ್ಳು. ಸುಮ್ನೆ ಓಗಿ ಹಾಲು ಕರೆಯೋಳು, ಸ್ಕೂಲಿಗೆ ಓಗಿ ಬೇಯ್ಸೋಳು."

ನಾನು ಎದ್ದು ಒಳಗೆ ಹೋದೆ. ಸ್ಲೈಡನ್ನು ಕಾಗದದಲ್ಲಿ ಸುತ್ತಿ, ಮೈಸೂರಿನ ಡಾಕ್ಟರಿಗೆ ಇದನ್ನೂ ತೋರಿಸಿ ಎಂದು ಪ್ರಿಂಟಿನ ಜೊತೆ ಕೊಟ್ಟೆ. ಅವರು ಎರಡನ್ನೂ ಫೈಲಿಗೆ ಸೇರಿಸಿ, ಏಳದೆ ಅಲ್ಲೇ ಕೂತರು.

"ಈಗ ನೀವು ಏಳಿದ್ರಲ್ಲ, ಅದ್ನ ಒಂದು ಚೀಟೀಲಿ ಬರ್ಕೊಡಿ ಅಕ್ಕ."

ಕಂಪ್ಲೇಂಟಿಗೆ ಇರಬೇಕು, ಕೊಡಲಿ ಎಂದುಕೊಂಡೆ. "ಎಲ್ಲಿಗೆ ಕೊಡಬೇಕು ಅಣ್ಣ?" ಎಂದೆ.

"ಎಲ್ಗೂ ಇಲ್ಲ. ಅವ್ಳಿಗೆ ತೋರುಸ್ಬೇಕು. ನಾನ್ ಬಾಯಲ್ಲಿ ಏಳುದ್ರೆ ಸಮಾಧಾನಕ್ಕೆ ಏಳ್ತಾವ್ನೆ ಅಂತಾಳೆ."

ಕಂಪ್ಯೂಟರಿನಲ್ಲಿ ಇದನ್ನು ಬರೆಯುವ ಜಾಗವಿಲ್ಲ. ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆದೆ. ಎರಡು ತಿಂಗಳ ಹಿಂದೆಯೇ ನಿಮ್ಮ ರಕ್ತದಲ್ಲಿ ಕಾಯಿಲೆ ಇತ್ತು. ನೀವು ಹೇಳಿದ ಸುಸ್ತು ನಿಜ. ನೋಡಬೇಕಾದವಳು ನಾನು, ನೋಡಲಿಲ್ಲ. ಕೆಳಗೆ ನನ್ನ ಸಹಿ ಹಾಕಿದೆ.

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ನನಗೇ ವಾಪಸ್ಸು ಚಾಚಿದರು.

"ಇನ್ನೊಂದ್ ಕಿತ ದಪ್ಪಕ್ಷರ್ದಲ್ಲಿ ಬರ್ಕೊಡಿ ಅಕ್ಕ. ಈಗ ಅವ್ಳಿಗೆ ಕಣ್ಣು ಮಂಜಾಗವೆ."

ನಾನು ಇನ್ನೊಂದು ಹಾಳೆ ತೆಗೆದುಕೊಂಡೆ.