ಮಾಯಿ ಕೊಟ್ಟ ಲಟ್ಟಣಿಗೆ

ಗಂಡ ಉಣ್ಣದೆ ಹೆಂಡತಿ ಉಣ್ಣಬಾರದು ಎಂಬುದು ನಮ್ಮ ಮಾನ್ವಿ ಕಡೆಯ ರೂಢಿ. ಹಠ ಮಾತ್ರ ನನ್ನ ಸ್ವಂತದ್ದು. ನಲವತ್ತರ ದಶಕದಲ್ಲಿ ರಾಯಚೂರಿನ ಬಾಡಿಗೆ ಮನೆಯಲ್ಲಿದ್ದಾಗ, ಮಕ್ಕಳಾಗಲಿಲ್ಲವೆಂದು ಅತ್ತೆ ನನ್ನ ಗಂಡನಿಗೆ ದೇವದುರ್ಗದ ಹುಡುಗಿಯನ್ನು ತಂದರು. ಅವನು ದೇವದುರ್ಗದಲ್ಲೇ ಅವಳ ಜೊತೆ ಉಳಿದ. ಗಂಡನನ್ನು ‘ಅವರು’ ಎನ್ನಬೇಕು, ಬಾಯಿಗೆ ಬರುವುದಿಲ್ಲ. ವಾರಕ್ಕೆರಡು ದಿನ ಬರುತ್ತೇನೆ ಎಂದಿದ್ದ. ಆ ದಿನಗಳಲ್ಲಿ ರೊಟ್ಟಿ ಬಡಿದಿಟ್ಟು ಬಾಗಿಲಲ್ಲಿ ಕೂರುತ್ತಿದ್ದೆ. ಬಾರದಿದ್ದರೆ ಹಸಿದೇ ಮಲಗುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಸಿಖ್ ಮುದುಕಿ. ನಿಜಾಮರ ಫೌಜಿನಲ್ಲಿದ್ದ ಗಂಡ ತೀರಿಕೊಂಡು ಒಂಟಿಯಾಗಿದ್ದರು. ಓಣಿಗೆಲ್ಲ ಮಾಯಿ. ಹಿಂದಿನ ಕಾಲದ ತಮ್ಮ ಹತ್ತನೆಯ ಗುರುಗಳ ಮಡದಿಯಾದ ಒಬ್ಬ ತಾಯಿಯ ಮಾತು ಸದಾ ಅವರ ಬಾಯಲ್ಲಿ: ಆಕೆ ಹೆತ್ತವಳಲ್ಲ, ಆದರೂ ಸಿಖ್ಖರೆಲ್ಲ ತಮ್ಮ ತಾಯಿ ಎಂದು ಆಕೆಯ ಹೆಸರನ್ನೇ ಹೇಳುತ್ತಾರಂತೆ. ನೀರಮಾನ್ವಿ ಎಲ್ಲಮ್ಮನಿಗೆ ಮೂರು ಸಲ ಉಡಿ ತುಂಬಿ ಸೋತಿದ್ದ ನನಗೆ, ಆಕೆ ಮಕ್ಕಳು ಕೊಡುವ ದೇವಿ ಎಂದುಕೊಳ್ಳಲು ಇಷ್ಟೇ ಸಾಕಾಯಿತು. ಮಗುವಾದರೆ ಗಂಡನೂ ಮನೆಗೆ ಬಂದಾನು. ಹಸಿರು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ ಹಿಡಿದು ಮಾಯಿಯ ಮನೆಗೆ ಹೋದೆ.

"ಮೂರ್ತಿ ಎಲ್ಲೇದ ರೀ ಮಾಯಿ? ಉಡಿ ತುಂಬ್ತೀನಿ."

"ಮೂರ್ತಿ ಇಲ್ಲ ಬೇಟಿ. ಆಕೀಗೇ ಕೂಸಿಲ್ಲ, ನಿನಗೆಲ್ಲಿಂದ ಕೊಡ್ತಾಳ?"

ನನಗೆ ಮೈಯೆಲ್ಲ ಉರಿಯಿತು. ಮಾಯಿ ನನ್ನ ಅಕ್ಕಿಯನ್ನು ಒಲೆಗಿಟ್ಟರು. "ಆಕೀನೂ ನಿನ್ನಂಗ. ಗುರುವಿನ ಮಾರಿ ನೋಡ್ದ ಉಣ್ತಿದ್ದಿಲ್ಲ" ಎಂದರು. ಕೊನೆಗೆ ಗುರುಗಳು ನಾಂದೇಡದಿಂದ ಆಕೆಯನ್ನು ದಿಲ್ಲಿಗೆ ಕಳಿಸಿದರಂತೆ. ನಿಮ್ಮನ್ನು ನೋಡದೆ ಹೇಗೆ ಉಣ್ಣಲಿ ಎಂದು ಕೇಳಿದಳಂತೆ. ಅವರು ತಮ್ಮ ಮನೆತನದ ಆಯುಧಗಳನ್ನು ಕೊಟ್ಟು, ಇವುಗಳನ್ನು ನೋಡಿ ಉಣ್ಣು ಎಂದರಂತೆ. ಆಮೇಲೆ ಆ ತಾಯಿ ಅವರ ಮುಖ ಕಾಣಲಿಲ್ಲ. ಆದರೂ ಬಹಳ ಕಾಲ ಬದುಕಿ, ದೂರದಿಂದಲೇ ತನ್ನ ಜನರನ್ನು ನಡೆಸಿದಳು.

"ನನಗ ಆಯುಧ ಕೊಡೋರು ಯಾರು?" ಎಂದು ಸೆಡವಿನಿಂದ ಎದ್ದುಬಂದೆ. ಅನ್ನ ಮುಟ್ಟಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ವರ್ಷ, ನಾಂದೇಡದಿಂದ ಮಾಯಿಯ ಅಣ್ಣನ ಮಗ ಬಂದು ಅವರನ್ನು ಕರೆದೊಯ್ದ. ಹೊರಡುವಾಗ ಅವರು ತಮ್ಮ ಲಟ್ಟಣಿಗೆಯನ್ನು ನನ್ನ ಕೈಗಿಟ್ಟರು. "ಕತ್ತಿ ನಮ್ಮ ಮನಿಯವರ ಕೂಡ ಹೋತು. ನನ್ನ ಕಡೆ ಇರೋ ಆಯುಧ ಇದ. ನೋಡಿ ಉಣ್ಣು."

ಕೈಯಲ್ಲೇ ಜೋಳದ ರೊಟ್ಟಿ ಬಡಿಯುವ ನನಗೆ ಲಟ್ಟಣಿಗೆ ಯಾತಕ್ಕೆ? ಇಬ್ಬರೂ ನಕ್ಕೆವು. ಟಾಂಗಾ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಅತ್ತುಬಿಟ್ಟೆ.

ಅಂದು ಗಂಡ ಬರುತ್ತೇನೆಂದ ದಿನ. ಲಟ್ಟಣಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು ಕಾದೆ. ಮಧ್ಯಾಹ್ನ ಜಾರಿತು. ಗೂಡಿನ ಕಡೆ ನೋಡಿದೆ. ಎದ್ದು ಕೈತೊಳೆದು, ಇದ್ದ ನಾಲ್ಕೂ ರೊಟ್ಟಿಗಳನ್ನು ಪುಂಡಿಪಲ್ಯದ ಜೊತೆ ಉಂಡೆ.

ಹೊತ್ತು ಮುಳುಗುವಾಗ ಅವನು ಬಂದ. "ಹಸಿವಿ ಆಗೇದ, ನೀಡು" ಎಂದ.

"ನಾ ಉಂಡೀನಿ. ರೊಟ್ಟಿ ಉಳ್ದಿಲ್ಲ."

ಅವನು ರೊಟ್ಟಿಬುಟ್ಟಿ ತೆರೆದು ನೋಡಿ, ಆಮೇಲೆ ನನ್ನ ಮುಖ ನೋಡಿದ. ಈ ಮಾತನ್ನು ಓಡಿಹೋಗಿ ಮಾಯಿಗೆ ಹೇಳಬೇಕೆನಿಸಿತು. ಪಕ್ಕದ ಮನೆಗೆ ಬೀಗ ಬಿದ್ದಿತ್ತು.