ಅಳಿಯನ ಗಡಿಯಾರ ಕಟ್ಟಿಕೊಂಡು ಮುಳುಗಿದ ಹುಲೆಪ್ಪ

ಅತನೂರಿನ ಹುಲೆಪ್ಪನಿಗೆ ಮೈಗೆ ಏನಾದರೂ ಕಟ್ಟಿಕೊಂಡು ನೀರಿಗಿಳಿಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಬೆನ್ನಿಗೆ ಒಣ ಸೋರೆಬುರುಡೆ ಬಿಗಿದುಕೊಂಡು ಈಜು ಕಲಿಯುವ ಹುಡುಗರ ಕಡೆ ನೋಡಿ ಉಗುಳುತ್ತಿದ್ದ. ಬಾವಿಗೆ ಬಿದ್ದ ಕೊಡವನ್ನು ದಂಡೆಯ ಮೇಲೆ ನಿಂತೇ ಹಗ್ಗದ ತುದಿಯ ಕೊಕ್ಕೆಗೊಂಚಲಿನಿಂದ, ಪಾತಾಳಗರಡಿ ಬಿಟ್ಟು, ತಡಕಾಡುವವರನ್ನಂತೂ ಗಂಡಸರ ಸಾಲಿಗೇ ಸೇರಿಸುತ್ತಿರಲಿಲ್ಲ.

ಹಾಗೆ ಉಗುಳಲು ಅವನಿಗೆ ಹಕ್ಕೂ ಇತ್ತೆನ್ನಿ. ಹದಿಮೂರನೆಯ ವಯಸ್ಸಿಗೆ ಅಪ್ಪನ ಜೊತೆ ಬಾವಿಗೆ ಇಳಿದವನು. ಮೂವತ್ತೈದು ವರ್ಷ ಅಫಜಲಪುರ ತಾಲೂಕಿನಲ್ಲಿ ಯಾರ ಮೋಟಾರು ಬಾವಿಗೆ ಕಳಚಿ ಬಿದ್ದರೂ, ಭೀಮೆಯಲ್ಲಿ ಯಾರ ಮಗ ಮುಳುಗಿದರೂ ಮೊದಲು ಹುಲೆಪ್ಪನ ಮನೆಗೇ ಓಡಿ ಬರುತ್ತಿದ್ದರು. ಅವನು ತೊಡೆಗಳ ನಡುವೆ ಕಲ್ಲು ಇರುಕಿಕೊಂಡು, ಒಂದೇ ಉಸಿರಿನಲ್ಲಿ ತಳ ಮುಟ್ಟುತ್ತಿದ್ದ. ದಂಡೆಯ ಮೇಲಿದ್ದವರು ಗಟ್ಟಿಯಾಗಿ ನೂರು ಎಣಿಸಬೇಕು, ನೂರಾದರೂ ಬರದಿದ್ದರೆ ಇನ್ನೊಬ್ಬ ಜಿಗಿಯಬೇಕು, ಇದು ಅವರ ಕಸುಬಿನ ಕಟ್ಟಳೆ. ಹುಲೆಪ್ಪ ಒಮ್ಮೆಯೂ ನೂರರೊಳಗೆ ಬಂದವನಲ್ಲ. ಮೇಲೆ ಹೆಂಗಸರು ಬಾಯಿ ಬಡಿದುಕೊಳ್ಳುವ ಸದ್ದು ಕಿವಿಗೆ ಬಿದ್ದ ಮೇಲೆ, ನೂರಾ ಹತ್ತಕ್ಕೆ, ಮೀಸೆ ಹಿಂಡುತ್ತ ಮೇಲೇಳುತ್ತಿದ್ದ. ಎಣಿಕೆ ಇರುವುದು ದಂಡೆಯ ಮೇಲೆ ಕುಂತ ಹೇಡಿಗಳಿಗೆ ಎಂಬುದು ಅವನ ಸಿದ್ಧಾಂತ. ಅವನ ಹೆಂಡತಿ ಮಲ್ಕಮ್ಮ ಮದುವೆಯಾದ ಎರಡನೇ ವರ್ಷಕ್ಕೇ ದಂಡೆಗೆ ಬರುವುದನ್ನು ಬಿಟ್ಟಿದ್ದಳು.

ಇಂಥ ಹುಲೆಪ್ಪನನ್ನು ಒಂದು ಕಾಗದ ಕೆಡವಿತು. ನೆರೆ ಬಂದಾಗ ಜನರನ್ನು ಎತ್ತಲು ಮುಳುಗುಗಾರರ ಪಟ್ಟಿ ಮಾಡುತ್ತಿದ್ದ ಗುಮಾಸ್ತನೊಬ್ಬ ತಲೆ ಎತ್ತದೆಯೇ ಕೇಳಿದ, "ಗಾಳಿ ಸಿಲಿಂಡರ್ ಕಟ್ಟಿ ಮುಳಗೂ ಸ್ಕೂಬಾ ಕಾರ್ಡ್ ಅದ ಏನ್ರಿ? ಮೂವತ್ತು ಮೀಟರಿಂದು?"

"ಕಾರ್ಡ್ ಮುಳಗತೈತೋ, ನಾ ಮುಳಗ್ತೇನೊ?" ಎಂದ ಹುಲೆಪ್ಪ.

"ಕಾರ್ಡ್ ಇದ್ದಾಂವ ಮುಳಗ್ತಾನ್ರಿ. ಹಿಂದಿನವರು ಬರ್ರಿ."

ಅವನ ಹಿಂದೆ ನಿಂತಿದ್ದವನು ಹತ್ತೊಂಬತ್ತರ ಪೋರ, ಗುಂಡಗೆ ಕೆನ್ನೆಯವನು, ಭೀಮೆಯ ನೀರು ಕುಡಿದಿದ್ದನೇ ಹೊರತು ಇಳಿದವನಲ್ಲ. ಆದರೆ ಕಾರ್ಡ್ ಇತ್ತು, ಅವನ ಹೆಸರು ಪಟ್ಟಿಗೆ ಹತ್ತಿತು. ಹುಲೆಪ್ಪ ಮೂರು ದಿನ ಸರಿಯಾಗಿ ರೊಟ್ಟಿ ತಿನ್ನಲಿಲ್ಲ. ಜೇವರ್ಗಿಯಲ್ಲಿ ನರ್ಸ್ ಆಗಿದ್ದ ಮಗಳು ಪಂಚಶೀಲಾ ಇದನ್ನು ನೋಡಲಾರದೆ, ಕರಾವಳಿಯಲ್ಲಿ ಆ ಕಾರ್ಡು ಕೊಡುವ ಎಂಟು ದಿನದ ಕಲಿಕೆಗೆ ಅಪ್ಪನ ಹೆಸರು ಬರೆಸಿದಳು. ಒಬ್ಬನನ್ನೇ ಕಳಿಸಿದರೆ ಅಲ್ಲಿಯೂ ಜಗಳ ಕಾಯುತ್ತಾನೆಂದು ತನ್ನ ಗಂಡ ಧಮ್ಮಪಾಲನನ್ನೂ ಜೊತೆಗೆ ಹಾಕಿದಳು. ಧಮ್ಮಪಾಲ ಕಾಲೇಜಿನಲ್ಲಿ ಪಾಠ ಹೇಳುವವನು, ಮಾವ ಕೂಡು ಅಂದರೆ ಕೂಡುವವನು, ಏಳು ಅಂದರೆ ಏಳುವವನು.

ಕಲಿಸುವಾಕೆ ಜಸ್ಮೀನ, ಇಪ್ಪತ್ತಾರರ ಹುಡುಗಿ. ಆಕೆಯನ್ನು ನೋಡಿಯೇ ಹುಲೆಪ್ಪ ಅಳಿಯನ ಕಿವಿಯಲ್ಲಿ ಅಂದ, "ಈಕಿ ನನಗ ನೀರು ತೋರಸ್ತಾಳಂತ, ಅಳಿಯಾರ. ಕಪ್ಪಿಗಿ ಕೆರಿ ತೋರಿಸಿದಂಗ."

ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತುಕೊಂಡದ್ದು ಹೇಗೋ ಸಹಿಸಿದ. ಅವನಿಗೆ ಹಿಡಿಸದೇ ಹೋದದ್ದು ಕೈಗೆ ಕಟ್ಟಿದ ಕರಿ ಗಡಿಯಾರ. ಅದೊಂದು ಸಣ್ಣ ಕಂಪ್ಯೂಟರ್. ಜಸ್ಮೀನ ಬಿಡಿಸಿ ಹೇಳಿದಳು: "ಬಾವಿಯಲ್ಲಿ ನೀವು ಒಂದೇ ಉಸಿರಲ್ಲಿ ಹೋಗಿ ಬರ್ತಿದ್ರಿ, ಅದು ಬೇರೆ. ಇಲ್ಲಿ ಆಳದಲ್ಲೇ ಗಾಳಿ ಉಸಿರಾಡ್ತೀರಿ. ಆ ಗಾಳಿ ಮೈಯೊಳಗೆ ಕರಗ್ತದೆ. ಹೆಚ್ಚು ಹೊತ್ತಿದ್ದು ಸೀದಾ ಮೇಲೆ ಬಂದ್ರೆ ಗೋಲಿ ಸೋಡಾ ಒಡೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳ್ತದೆ. ಹಿಂದಿನ ಮುಳುಗಿನಲ್ಲಿ ಕರಗಿದ್ದನ್ನೂ ಲೆಕ್ಕ ಹಿಡಿದು, ಇನ್ನೆಷ್ಟು ನಿಮಿಷ ಇರಬಹುದು ಅಂತ ಇದು ಹೇಳ್ತದೆ. ಸೊನ್ನೆಯಾದ್ರೆ ಬರುವಾಗ ದಾರಿಯಲ್ಲಿ ನಿಂತು ನಿಂತು ಬರಬೇಕು."

"ನನ್ನ ಪುಪ್ಪಸ ನನಗ ಹೇಳತೈತಿ, ಅವ್ವಾ," ಎಂದ ಹುಲೆಪ್ಪ. ಆಕೆ ನಗಲಿಲ್ಲ.

ಎಂಟನೇ ದಿನ ಬಂತು. ಬೆಳಿಗ್ಗೆ ಒಂದು ಮುಳುಗು, ಮಧ್ಯಾಹ್ನ ಒಂದು, ಸಂಜೆಗೆ ಕಾರ್ಡು. ಬೆಳಿಗ್ಗೆ ಹುಲೆಪ್ಪ ಇನ್ನೊಬ್ಬ ಗೈಡಿನ ಜೊತೆ ಇಪ್ಪತ್ತೆಂಟು ಮೀಟರು, ಅಂದರೆ ಹದಿನಾರು ಆಳು ಆಳ, ಇಳಿದ. ಧಮ್ಮಪಾಲ ಜಸ್ಮೀನಳ ಕೈ ಹಿಡಿದು ಎರಡು ಆಳು ಇಳಿದವನು ಕಿವಿ ನೋವೆಂದು ಮೇಲೆ ಬಂದು ದೋಣಿಯಲ್ಲಿ ಕುಳಿತ.

ಆ ಹದಿನಾರು ಆಳಿನ ತಳದಲ್ಲಿ, ಬಂಡೆಯ ಸೀಳಿನಲ್ಲಿ, ಒಂದು ಹಳೆಯ ಲಂಗರು ಸಿಕ್ಕಿಕೊಂಡಿತ್ತು. ಮೂವತ್ತೈದು ವರ್ಷ ನೀರಿನೊಳಗಿಂದ ಕಬ್ಬಿಣ ಎತ್ತಿದ ಕೈ ಅದನ್ನು ನೋಡಿ ಸುಮ್ಮನಿದ್ದೀತೇ? ಹುಲೆಪ್ಪ ಕೈ ಹಾಕಿದ. ಗೈಡು ತನ್ನ ಗಡಿಯಾರ ತೋರಿಸಿ ಎಳೆದುಕೊಂಡು ಬಂದ.

ದೋಣಿಯಲ್ಲಿ ಹುಲೆಪ್ಪ ಗುಂಡಿ ಒತ್ತಿ ನೋಡಿದ. ಮತ್ತೆ ಅಷ್ಟೇ ಆಳಕ್ಕೆ ಹೋದರೆ ಎಂಟೇ ನಿಮಿಷ ಎಂದಿತು ಅವನ ಗಡಿಯಾರ. ಅಳಿಯನದನ್ನು ಒತ್ತಿಸಿದ. ಹತ್ತೊಂಬತ್ತು.

"ಸಮುದ್ರ ಒಂದ, ದೋಣಿ ಒಂದ. ನನಗ ಎಂಟು, ನಿಮಗ ಹತ್ತೊಂಬತ್ತು? ನಂದು ಕೆಟ್ಟೈತಿ. ನಿಮ್ದು ಬಿಚ್ಚಿ ಕೊಡ್ರಿ ಇತ್ತ."

"ಮಾವಾರ, ಅದು ಕಟ್ಟಿಕೊಂಡವರ ಮೈ ಲೆಕ್ಕ ಹಿಡೀತದಂತ ಆಕಿ..."

"ಗಡಿಯಾರ ಯಾರ ಕೈಯಾಗಿದ್ರೂ ವ್ಯಾಳ್ಯಾ ಒಂದ ತೋರಸ್ತದ, ಅಳಿಯಾರ. ಎಷ್ಟು ಓದಿದ್ರೂ ಇಷ್ಟು ತಿಳಿವಲ್ದು ನಿಮಗ."

ನಮ್ಮ ಊರುಗಳಲ್ಲಿ ಹಾಗೆಯೇ. ನೆರೆಮನೆಯ ಕುಡುಗೋಲು, ಅಣ್ಣನ ಬೈಕು, ಮಾವನ ಅಂಗಿ, ಬೇಕಾದಾಗ ಬೇಕಾದವರು ಒಯ್ಯುವುದು. ಬೇಡ ಅಂದರೆ ಸಂಬಂಧ ಕೆಡುತ್ತದೆ. ಅದರ ಮೇಲೆ ಕೇಳುತ್ತಿರುವವನು ಹೆಣ್ಣು ಕೊಟ್ಟ ಮಾವ. ಧಮ್ಮಪಾಲ ಗಡಿಯಾರ ಬಿಚ್ಚಿ ಕೊಟ್ಟ, ಮಾವನದನ್ನು ತಾನು ಕಟ್ಟಿಕೊಂಡು ಕಾಣದಂತೆ ಅಂಗಿಯ ತೋಳು ಕೆಳಗೆಳೆದುಕೊಂಡ. ಎಂ.ಎ. ಓದಿದ ತಲೆ!

ಮಧ್ಯಾಹ್ನ ಧಮ್ಮಪಾಲ ದೋಣಿಯಲ್ಲೇ ಉಳಿದ, ಹುಲೆಪ್ಪನ ಜೊತೆಗೆ ಜಸ್ಮೀನಳೇ ಇಳಿದಳು. ಹದಿನೆಂಟು ಮೀಟರಿಗಿಂತ ಕೆಳಗೆ ಬೇಡವೆಂದು ಮೊದಲೇ ಹೇಳಿದ್ದಳು. ಹುಲೆಪ್ಪ ಕಲ್ಲು ಬಿದ್ದ ಹಾಗೆ ಸೀದಾ ಲಂಗರಿಗೆ ಇಳಿದ. ಆಕೆ ಬೆನ್ನಟ್ಟಿ ಬಂದು ಭುಜ ತಟ್ಟಿದರೆ ಇವನು ಗಡಿಯಾರ ಮುಂದೆ ಹಿಡಿದ: ಇನ್ನೂ ಹನ್ನೆರಡು ನಿಮಿಷ ಉಳಿದಿದೆ ಎನ್ನುತ್ತಿತ್ತು ಅದು. ಆಕೆ ಹುಬ್ಬು ಗಂಟಿಕ್ಕಿದಳು. ಆದರೆ ಗಡಿಯಾರದ ಮಾತಿಗೆ ಎದುರು ಹೇಳುವುದೇನು? ಲಂಗರು ಅಲುಗಾಡಿತು. ಹನ್ನೆರಡು ಮುಗಿದು ಸೊನ್ನೆಯಾಗಿ ಗಡಿಯಾರ ಕಿರುಚತೊಡಗಿತು. ಕಿರುಚಲಿ, ದಂಡೆಯ ಹೆಂಗಸರೂ ಕಿರುಚುತ್ತಿದ್ದರು. ಹುಲೆಪ್ಪ ಮತ್ತೆ ನಾಲ್ಕು ನಿಮಿಷ ಜಗ್ಗಾಡಿದ. ಲಂಗರು ಬರಲಿಲ್ಲ. ಜಸ್ಮೀನ ಅವನ ಸಿಲಿಂಡರ್ ಹಿಡಿದು ಎಳೆದಳು.

ಮೇಲೆ ಬರುವಾಗ ಮೂರು ಮೀಟರಿನಲ್ಲಿ ಆರು ನಿಮಿಷ ನಿಲ್ಲು ಎಂದಿತು ಗಡಿಯಾರ. ಕಾರ್ಡಿನ ಆಸೆಗೆ ಹಗ್ಗ ಹಿಡಿದು ಬಾವಲಿಯಂತೆ ಜೋತುಬಿದ್ದ. ಆರು ಮುಗಿಯಿತು, ಗಡಿಯಾರ ಬಿಟ್ಟಿತು. ಆದರೆ ಅದಕ್ಕೆ ಗೊತ್ತಿದ್ದದ್ದು ಬೆಳಿಗ್ಗೆ ಕಿವಿ ನೋವೆಂದು ದೋಣಿಯಲ್ಲಿ ಕುಳಿತ ಧಮ್ಮಪಾಲನ ಮೈ. ಹುಲೆಪ್ಪನ ಮೈ ಅದಕ್ಕೆ ಪರಿಚಯವೇ ಇರಲಿಲ್ಲ.

ದಂಡೆಗೆ ಬಂದಾಗ ಮೊಣಕೈ ಚುಚ್ಚುತ್ತಿತ್ತು. ಲಂಗರು ಜಗ್ಗಿದ್ದಕ್ಕೆ ಅಂದುಕೊಂಡ. ಚಹಾ ಕುಡಿಯುವಷ್ಟರಲ್ಲಿ ಅಂಗಾಲು ಜೋಮು ಹಿಡಿದವು. ಕಾರ್ಡು ಬರೆಯುವ ಕೋಣೆಗೆ ಎರಡೇ ಮೆಟ್ಟಿಲು. ಎಡಗಾಲು ಏಳಲಿಲ್ಲ. ಬಲಗಾಲು ಎದ್ದು ಮತ್ತೆ ಅಲ್ಲೇ ಕೂತಿತು.

"ಏನಾಯ್ತು?" ಎಂದಳು ಒಳಗಿದ್ದ ಜಸ್ಮೀನ.

"ಏನಿಲ್ಲ, ಚಪ್ಪಲಿ ಜಾರತದ," ಎಂದ ಬರಿಗಾಲಿನಲ್ಲಿದ್ದ ಹುಲೆಪ್ಪ.

ಧಮ್ಮಪಾಲ ಹೆದರಿ ಪಂಚಶೀಲಾಳಿಗೆ ಫೋನ್ ಹಚ್ಚಿದ. ಆಕೆಯ ದನಿ ಮೆಟ್ಟಿಲವರೆಗೂ ಕೇಳಿತು. "ಅಪ್ಪಾ, ಕಾಲಾಗ ಬಲ ಅದ ಏನು ಇಲ್ಲ, ಅಷ್ಟು ಹೇಳು. ಮಾತು ಬ್ಯಾಡ."

"ಅದಾವ, ಕಾಲು ಎರಡೂ ಅದಾವ."

"ಇರೂದು ಕೇಳಲಿಲ್ಲ ನಾ, ಏಳ್ತಾವೇನು?"

ಹುಲೆಪ್ಪ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗೆ ಇಟ್ಟುಕೊಂಡ. ಜಸ್ಮೀನ ಓಡಿ ಬಂದು ಅವನ ಮುಖಕ್ಕೆ ಆಮ್ಲಜನಕದ ಮುಚ್ಚಳ ಹಿಡಿದಳು, ಅವನ ಕೈಯ ಗಡಿಯಾರ ಒತ್ತಿದಳು. ಮತ್ತೆ ಒತ್ತಿದಳು. "ಇದರಲ್ಲಿ ಬೆಳಿಗ್ಗೆ ನಾಲ್ಕು ಮೀಟರು ಅಂತ ಉಂಟು. ನೀವು ಇಪ್ಪತ್ತೆಂಟಕ್ಕೆ ಹೋಗಿದ್ರಿ. ಇದು ಯಾರದ್ದು? ಡಾಕ್ಟರು ಎಷ್ಟು ಆಳ, ಎಷ್ಟು ಹೊತ್ತು ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ಧಮ್ಮಪಾಲ ಅಂಗಿಯ ತೋಳು ಮೇಲೆಳೆದ. ಮಾವನ ಮುಖ ನೋಡಿದ. "ನಂದ ತಪ್ಪ್ರಿ, ನಾನ ಅದಲಿ ಬದಲಿ..."

ಮೇಜಿನ ಮೇಲೆ ಹುಲೆಪ್ಪನ ಫೋಟೋ ಅಂಟಿಸಿದ ಕಾಗದ ಸಹಿಗೆ ಕಾದಿತ್ತು. ಸುಳ್ಳು ಹೇಳಿದರೆ ಕಾಗದ ಉಳಿದೀತು, ನಿಜ ಹೇಳಿದರೆ ಕಾಲು ಉಳಿದೀತು. ಈ ಮನುಷ್ಯ ಇದಕ್ಕೂ ಒಂದು ಗಳಿಗೆ ಯೋಚಿಸಿದ, ನೋಡಿ! ಆಮೇಲೆ ಮುಖದ ಮೇಲಿನ ಮುಚ್ಚಳ ಸರಿಸಿದ.

"ನೀವು ಗಪ್ ಕೂಡ್ರಿ, ಅಳಿಯಾರ. ಬರಕೋ ಅವ್ವಾ. ಮುಂಜಾನಿ ಇಪ್ಪತ್ತೆಂಟು. ಮಧ್ಯಾಹ್ನ ಅಳಿಯನ ಗಡಿಯಾರ ಕಸಗೊಂಡು ಮತ್ತ ಅಷ್ಟ. ಅದು ಒದರಿದ ಮ್ಯಾಲೂ ನಾಕು ನಿಮಿಷ. ಬ್ಯಾಡ ಅಂದ್ರೂ ಮಾಡಿದಾಂವ ನಾ."

ಎರಡೂ ಗಡಿಯಾರ ಬಿಚ್ಚಿಕೊಂಡು ಜಸ್ಮೀನ ಅವನನ್ನು ಕಾರಿಗೆ ಹಾಕಿದಳು. ದೂರದ ಊರಿನ ದವಾಖಾನೆಯಲ್ಲಿ ಕಬ್ಬಿಣದ ಕೊಳವೆಯೊಂದರಲ್ಲಿ ಮಲಗಿಸಿ, ರಕ್ತದ ಗುಳ್ಳೆ ಕರಗಲೆಂದು ಗಾಳಿಯ ಒತ್ತಡ ಏರಿಸಿದರು, ಇಳಿಸಿದರು. ಮೂರು ದಿನ ಹಾಗೆ ನಡೆಯಿತು. ಬಲಗಾಲು ಪೂರಾ ಬಂತು, ಎಡಗಾಲು ಮುಕ್ಕಾಲು. ಹೇಳಿದ್ದು ಒಂದು ತಾಸು ತಡವಾಗಿದ್ದರೆ ಅದೂ ಇಲ್ಲ ಎಂದ ಡಾಕ್ಟರು, ಇನ್ನು ನೀರಿಗೆ ಇಳಿಯುವಂತಿಲ್ಲ, ಬಾವಿಗೂ ಇಲ್ಲ ಎಂದರು. ಕಾರ್ಡಿನ ಮಾತು ಯಾರೂ ಎತ್ತಲಿಲ್ಲ, ಹುಲೆಪ್ಪನೂ.

ಅತನೂರಿಗೆ ಬಂದ ವಾರಕ್ಕೆ ಹವಳಗಾದ ಗುರುನಾಥ ಬಂದ. ಅವನ ಕಬ್ಬಿನ ಹೊಲದ ಬಾವಿಯಲ್ಲಿ ಮೋಟಾರು ಬಿದ್ದಿತ್ತು. ಹುಲೆಪ್ಪ ಕೋಲೂರಿ ಕಟ್ಟೆಗೆ ಬಂದು ಕುಳಿತು, ಸಮುದ್ರದ ಕಥೆ ತೆಗೆದ.

"ಸಮುದ್ರ ಅಂದ್ರ ಏನಿಲ್ಲೋ ಗುರುನಾಥ, ಒಂದು ಉಪ್ಪಿನ ಹಳ್ಳ. ಆ ಗಡಿಯಾರ ಅಂತೂ ಕೆಲಸಕ್ಕ ಬರದ ಬೇಕಾರ ಮಾಲು..."

ಒಳಗಿನಿಂದ ಮಲ್ಕಮ್ಮ ಅಂದಳು, "ಆ ಹಳ್ಳಾನ ನಿಮ್ಮ ಕೈಯಾಗ ಕೋಲು ಕೊಟ್ಟು ಕಳಿಸ್ಯದ್ರಿ. ಬಂದಾಂವಗ ಖರೇ ಹೇಳಿ ಕಳಸ್ರಿ, ಚಹಾ ಆರತದ."

ಹುಲೆಪ್ಪ ಮೀಸೆ ಹಿಂಡಿದ. "ನಾ ಇಳ್ಯಂಗಿಲ್ಲಪಾ," ಎಂದ ಕೊನೆಗೆ, "ಪಾತಾಳಗರಡಿ ಬಿಟ್ಟು ನೋಡು."