ಬಂಡೆಯ ಮೇಲೆ ಹರವಿದ ಅರಿಶಿನ

ಹೋದ ವಾರ ಸೊಸೆ ನನಗೊಂದು ಬಿಳಿ ಅಂಗಿ ತಂದಳು. ಪದ್ಧತಿಯಂತೆ ಕಾಲರಿನ ಒಳಗೆ ಒಂದು ಬೊಟ್ಟು ಅರಿಶಿನ ಹಚ್ಚಿ ಕೊಟ್ಟಳು. ತೊಡುವಾಗ ಹೊಸ ಬಟ್ಟೆಯ ಗಂಜಿ ವಾಸನೆ, ಅರಿಶಿನದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು... ಅಷ್ಟೇ, ನಾನು ಸಿರುಗುಪ್ಪದ ಮನೆಯಲ್ಲಿರಲಿಲ್ಲ. ಬಳ್ಳಾರಿಯ ಆ ತಗಡಿನ ಶೆಡ್ಡಿನಲ್ಲಿ, ಅಕ್ಕನ ಮಷೀನಿನ ಪಕ್ಕ ನಿಂತಿದ್ದೆ.

ಎಪ್ಪತ್ತೊಂದರ ಯುದ್ಧದ ಸಮಯ. ಗುಡ್ಡದ ಬುಡದ ಆ ಶೆಡ್ಡಿನಲ್ಲಿ ಮೊದಲು ಚಡ್ಡಿ, ಪೈಜಾಮ ಹೊಲಿಯುತ್ತಿದ್ದರು. ಯುದ್ಧ ಬರುತ್ತದೆಂದು ತೋಪಿನ ಮದ್ದು ತುಂಬುವ ಬಟ್ಟೆ ಚೀಲ ಹೊಲಿಯುವ ಕೆಲಸ ಸಿಕ್ಕಿತು. ಮದ್ದನ್ನು ನಾವು ಕಣ್ಣಿಂದಲೂ ನೋಡಲಿಲ್ಲ. ಅದನ್ನು ಎಲ್ಲೋ ದೂರದ ಕಾರ್ಖಾನೆಯಲ್ಲಿ ತುಂಬುತ್ತಿದ್ದರು. ಆದರೂ ಕಾಯಿದೆ ಕಾಯಿದೆಯೇ. ಬೀಡಿ ಒಳಗೆ ತರುವಂತಿಲ್ಲ. ಮುರಿದ ಸೂಜಿಯ ಎರಡೂ ತುಂಡು ಕೊಟ್ಟರಷ್ಟೇ ಹೊಸ ಸೂಜಿ. ಚೀಲದ ಮೇಲೆ ಎಣ್ಣೆ, ಕಲೆ ಏನೂ ಇರಬಾರದು. ಸಿರಿಗೇರಿಯಿಂದ ಬಂದ ನನಗೆ ಆಗ ಓದು ಬರುತ್ತಿರಲಿಲ್ಲ; ಹೊಲಿದ ಚೀಲವನ್ನು ತಿರುವಿ ನೋಡಿ, ಸರಿ ಇದ್ದರೆ ಮುದ್ರೆ ಒತ್ತುವುದು ನನ್ನ ಕೆಲಸ.

ಅಕ್ಕ ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ನನ್ನ ಸ್ವಂತ ಅಕ್ಕ ಅಲ್ಲ, ಶೆಡ್ಡಿಗೆಲ್ಲ ಅಕ್ಕ. ಅಷ್ಟು ಗಂಡಸರ ನಡುವೆ ಅವಳೊಬ್ಬಳೇ ಹೆಣ್ಣು. ಊರಲ್ಲಿ ಹತ್ತಿ ಬಿಡಿಸುವ ಎರಡು ತಿಂಗಳು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಮೇಸ್ತ್ರಿ ಒಂದು ತಿಂಗಳ ಮಟ್ಟಿಗೆ ನೋಡೋಣವೆಂದು ಮಷೀನು ಕೊಟ್ಟಿದ್ದ.

"ನೀ ಹೊಲದಿದ್ದು ವಾಪಸ್ ಬಂತಂದ್ರ ಮಷೀನ್ ಬಿಟ್ಟು ಏಳಬೇಕವ್ವ" ಅಂದಿದ್ದ.

"ನಾ ಎದ್ರ ನಿನ್ನ ಮಷೀನ ಅಳತೈತಿ ನೋಡಣ್ಣ" ಅಂದು ಅವಳು ಪೆಡಲ್ ತುಳಿದಿದ್ದಳು.

ತಿಂಗಳ ಮಾಲು ಲಾರಿಗೆ ಏರಿಸುವ ದಿನ ಬೆಳಗ್ಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಅವರದು ಹಿಂದಿ; ಉರ್ದು ಬಲ್ಲ ಮೇಸ್ತ್ರಿ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದ. ಸಾಹೇಬರು ಅಕ್ಕನ ಗಂಟು ಬಿಚ್ಚಿ ಒಂದು ಚೀಲ ಎತ್ತಿದರು. ಮಡಿಕೆಯ ಮೂಲೆಯಲ್ಲಿ ಸಾಸಿವೆಯಷ್ಟು ಹಳದಿ ಚುಕ್ಕೆ. ಇನ್ನೊಂದು ಎತ್ತಿದರು, ಅಲ್ಲೂ ಅದೇ. ಎಲ್ಲದರಲ್ಲೂ. ಇದು ಯಾವ ರಾಸಾಯನಿಕ ಎಂದು ಮುಖ ಬಿಗಿದುಕೊಂಡರು.

ಆ ಚುಕ್ಕೆಯನ್ನು ನಾನು ಮೊದಲ ದಿನವೇ ನೋಡಿದ್ದೆ. ನಮ್ಮ ಮನೆಯಲ್ಲೂ ಹೊಸ ಬಟ್ಟೆಗೆ ಹಚ್ಚುತ್ತಾರಲ್ಲ... ಅದೂ ಒಂದು ಕಲೆ ಎಂದು ನನಗೆ ಹೊಳೆದೇ ಇರಲಿಲ್ಲ. ನೆಮ್ಮದಿಯಾಗಿ ಮುದ್ರೆ ಒತ್ತಿಬಿಟ್ಟಿದ್ದೆ.

ಅಕ್ಕ ಎದ್ದು ನಿಂತಳು. "ನಾನ ಹಚ್ಚೀನ್ರಿ. ಅರಿಷಿಣ. ಹೊಸಾ ಬಟ್ಟಿ, ಹಂಗ ಹ್ಯಾಂಗ ಕಳಸೋದು?"

ಮೇಸ್ತ್ರಿ ಹಣೆ ಬಡಿದುಕೊಂಡ. "ಇದನ್ನ ಯಾರ ಉಡತಾರ ನನ್ನವ್ವಾ! ತೋಪಿನ ಹೊಟ್ಟ್ಯಾಗ ಸುಟ್ಟು ಬೂದಿ ಆಗತೈತಿ."

"ಚೀಲ ಸುಡ್ಲಿ ಬಿಡಣ್ಣ. ಅದನ್ನ ಹಿಡಿಯೋ ಹುಡುಗನ ಕೈ ಸುಡಬಾರದಲ್ಲ, ಅದಕ್ಕ."

ಮೇಸ್ತ್ರಿ ಅದನ್ನು ಮೆಲ್ಲಗೆ ಹಿಂದಿಯಲ್ಲಿ ಹೇಳಿದ. ಸಾಹೇಬರು ಕೈಯಲ್ಲಿದ್ದ ಚೀಲವನ್ನು ಮಡಿಸಿ ಗಂಟಿನ ಮೇಲಿಟ್ಟರು. ಆಮೇಲೆ, ಸಂಜೆ ಲಾರಿ ಹೊರಡುವುದರೊಳಗೆ ಕಲೆ ಹೋಗಬೇಕು, ಇಲ್ಲದಿದ್ದರೆ ಅಷ್ಟೂ ಮಾಲು ವಾಪಸ್ ಎಂದರು. ಒಗೆಯುವಂತಿಲ್ಲ, ನೀರು ಬಿದ್ದರೆ ಬಟ್ಟೆ ಕುಗ್ಗಿ ಅಳತೆ ತಪ್ಪುತ್ತದೆ. ಮೇಸ್ತ್ರಿ ಅಕ್ಕನ ಮಷೀನಿನ ಕಡೆ ನೋಡಿದ.

ಅಕ್ಕ ನೋಡಿದ್ದು ಬಾಗಿಲ ಕಡೆ. "ಬಿಸಿಲಿಗೆ ಹಾಕೋಣ್ರಿ. ಅರಿಷಿಣ ಬಿಸಿಲಿಗೆ ನಿಲ್ಲಂಗಿಲ್ಲ."

"ಈಗ ಚಳಿಗಾಲ ಐತವ್ವ."

"ಬಳ್ಳಾರ್ಯಾಗ ಚಳಿಗಾಲ ಬಂದಿದ್ದು ನೀ ಯಾವಾಗ ನೋಡಿದ್ಯಣ್ಣ?"

ಶೆಡ್ಡೆಲ್ಲ ನಕ್ಕಿತು. ಸಾಹೇಬರಿಗೆ ಯಾಕೆಂದು ತಿಳಿಯಲಿಲ್ಲ.

ಎಲ್ಲರೂ ತಲೆಗೊಂದು ಗಂಟು ಹೊತ್ತು ಶೆಡ್ಡಿನ ಹಿಂದಿನ ಬಂಡೆ ಹತ್ತಿದೆವು. ಚುಕ್ಕೆ ಮೇಲೆ ಬರುವಂತೆ ಚೀಲ ಹರವಿ, ಒಂದೊಂದಕ್ಕೂ ಕಲ್ಲು ಇಟ್ಟೆವು. "ಗುಡ್ಡಕ್ಕ ಚಡ್ಡಿ ಹಾಕಿದಂಗಾತಲೇ" ಎಂದ ಒಬ್ಬ ಟೇಲರ್. ಅಕ್ಕ ಗಳಿಗೆಗೊಮ್ಮೆ ಒಂದು ಚೀಲ ಎತ್ತಿ ಕಣ್ಣಿನ ಹತ್ತಿರ ಹಿಡಿಯುತ್ತಿದ್ದಳು. ನಗಿಸುತ್ತಿದ್ದಳು, ಆದರೆ ಊಟದ ಬುತ್ತಿ ಬಿಚ್ಚಲಿಲ್ಲ. ಎರಡು ಗಂಟೆಗೆ ಹಳದಿ ಮಾಸಿತು. ನಾಲ್ಕಕ್ಕೆ, ಇತ್ತೆಂದು ಗೊತ್ತಿದ್ದವರು ಹುಡುಕಿದರೂ ಸಿಗುತ್ತಿರಲಿಲ್ಲ.

ತಲೆಗೆ ಕರ್ಚೀಫು ಕಟ್ಟಿಕೊಂಡಿದ್ದ ಸಾಹೇಬರು ಭೂತಗನ್ನಡಿ ಹಿಡಿದು ಹುಡುಕಿದರು. ಕೊನೆಗೆ "ಪಾಸ್" ಎಂದರು. ಮೇಸ್ತ್ರಿ ಅಕ್ಕನ ಮುಖ ನೋಡದೆ, "ಮಷೀನಿಗೆ ಎಣ್ಣಿ ಬಿಡವ್ವ, ನಾಳಿಗೆ ಬೇಕಾಗತೈತಿ" ಎಂದ.

ಲಾರಿಗೆ ಏರಿಸುವಾಗ ಅವಳು ನನ್ನ ಕಿವಿಯಲ್ಲಿ ಅಂದಳು: "ಬಣ್ಣ ಹೋತು. ಹಚ್ಚಿದ್ದು ಎಲ್ಲಿಗ್ಹೋಗತೈತಿ?"

ಮರುದಿನದಿಂದ ಅವಳ ಅರಿಶಿನದ ಬೊಟ್ಟು ಮಷೀನಿನ ಗಾಲಿಗೆ. ಯುದ್ಧ ಬೇಗ ಮುಗಿಯಿತು, ಶೆಡ್ಡಿಗೆ ಮತ್ತೆ ಚಡ್ಡಿಗಳು ಬಂದವು. ಅಕ್ಕ ಅದೇ ಮಷೀನಿನಲ್ಲಿ ವರ್ಷಗಟ್ಟಲೆ ಕೂತಳು. "ಮುದ್ರಿ ಒತ್ತತೀಯಲ್ಲ, ಅದರಾಗ ಏನ್ ಬರದೈತಿ ಗೊತ್ತೈತೇನಲೇ?" ಎಂದು ಕಾಡಿ ಕಾಡಿ, ಮೂವತ್ತು ದಾಟಿದ ನನ್ನನ್ನು ರಾತ್ರಿ ಶಾಲೆಗೆ ಅಟ್ಟಿದವಳೂ ಅವಳೇ. ಮೊಬೈಲಿನಲ್ಲಿ ಈ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತಿರುವುದು ಆ ಓದಿನಿಂದಲೇ.

ಅವಳು ತೀರಿಕೊಂಡ ಸುದ್ದಿ ನನಗೆ ತಿಂಗಳು ತಡವಾಗಿ ಸಿಕ್ಕಿತು, ಕುರುಗೋಡಿನ ಬಸ್ಸಿನಲ್ಲಿ, ಯಾರೋ ಯಾರಿಗೋ ಹೇಳುತ್ತಿದ್ದಾಗ... ಮಣ್ಣಿಗೆ ಹೋಗಲಾಗಲಿಲ್ಲ.

ನಿನ್ನೆ ಅಂಗಿ ಒಗೆಯಲು ಕೇಳಿದ ಸೊಸೆ ಕಾಲರ್ ನೋಡಿ, "ಬೊಟ್ಟು ದೊಡ್ಡದಾಗೇತ್ರಿ ಮಾವ, ಕೊಡ್ರಿ, ಬಿಸಿಲಿಗೆ ಹಾಕತೀನಿ, ಹೋಗತೈತಿ" ಎಂದು ಕೈ ಚಾಚಿದಳು.

"ಬ್ಯಾಡವ್ವ, ನೆಳ್ಳಾಗ ಒಣಗಿಸು" ಅಂದೆ.